ಆಟಿಸಂ ಇರುವ ಪುಟ್ಟ ಮಕ್ಕಳ ಸಿಟ್ಟು ಮತ್ತು ಹತಾಶೆ: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಗ್ರಾಮ ಪಂಚಾಯತಿಯ ಸಭೆಗಳಲ್ಲಿ ರಸ್ತೆ, ಚರಂಡಿ, ಕುಡಿಯುವ ನೀರು, ಬೀದಿದೀಪಗಳ ಚರ್ಚೆ ತಪ್ಪದೆ ನಡೆಯುತ್ತದೆ. ಆದರೆ ಹಲವು ಊರುಗಳಲ್ಲಿ ಇದ್ದೂ ಯಾವ ಸಭೆಯ ನಡಾವಳಿಯಲ್ಲೂ ದಾಖಲಾಗದ ಒಂದು ಕಷ್ಟವಿದೆ. ಮೂರು ನಾಲ್ಕು ವರ್ಷದ ಮಗುವಿಗೆ ಮಾತು ಬಂದಿರುವುದಿಲ್ಲ. ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ. ಒಮ್ಮೊಮ್ಮೆ ಕಾರಣವೇ ಇಲ್ಲವೆಂಬಂತೆ ಕಿರುಚಿ, ನೆಲದ ಮೇಲೆ ಹೊರಳಾಡಿ, ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತದೆ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತದೆ. ನೆರೆಹೊರೆಯವರು ಹಠಮಾರಿ ಎನ್ನುತ್ತಾರೆ. ಹಿರಿಯರು ಗಾಳಿ ಸೋಕಿದೆ ಎನ್ನುತ್ತಾರೆ. ತಾಯಿಯಾದವರು ಮೊದಲು ಮದುವೆ ಮನೆಗಳಿಗೆ ಹೋಗುವುದನ್ನು ಬಿಡುತ್ತಾರೆ, ಅನಂತರ ಕೂಲಿಗೆ ಹೋಗುವುದನ್ನೂ ಬಿಡುತ್ತಾರೆ. ಕೊನೆಗೆ ಮಗು ಅಂಗನವಾಡಿಯನ್ನೂ ತೊರೆದು ಮನೆಯ ನಾಲ್ಕು ಗೋಡೆಗಳ ನಡುವೆ ಉಳಿಯುತ್ತದೆ.

ಇಂತಹ ಮಕ್ಕಳಲ್ಲಿ ಹಲವರಿಗೆ ಆಟಿಸಂ, ಅಂದರೆ ಸ್ವಲೀನತೆ, ಇರುವ ಸಂಭವವಿದೆ. ಅವರ ಸಿಟ್ಟಿನ ಹಿಂದೆ ಏನಿದೆ, ಅದನ್ನು ಸಹಿಸಿಕೊಳ್ಳಲು ಮಗುವಿಗೆ ಹೇಗೆ ನೆರವಾಗಬೇಕು, ಪಂಚಾಯತಿಯ ಪಾಲು ಎಷ್ಟು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಲೇಖಕನು ಎಂಜಿನಿಯರಿಂಗ್ ಪದವೀಧರನೇ ಹೊರತು ವೈದ್ಯನಲ್ಲ. ರೋಗನಿರ್ಣಯ ಮತ್ತು ಚಿಕಿತ್ಸೆ ತಜ್ಞರ ಕೆಲಸ. ಆದರೆ ಮಗುವಿನ ಮನೆಯವರು ತಜ್ಞರ ಬಾಗಿಲು ತಟ್ಟುವುದಕ್ಕೆ ಬಹಳ ಮೊದಲು ಮಾತನಾಡಿಸುವುದು ತಮ್ಮ ವಾರ್ಡಿನ ಸದಸ್ಯರನ್ನು. ಆಗ ಸದಸ್ಯರು ಹೇಳುವ ಮಾತಿನ ಮೇಲೆ ಆ ಕುಟುಂಬದ ಮುಂದಿನ ಹಲವು ವರ್ಷಗಳು ನಿಂತಿರುತ್ತವೆ.

ಆಟಿಸಂ ಎಂದರೇನು?

ಆಟಿಸಂ ಎಂಬುದು ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಒಂದು ಭಿನ್ನತೆ. ಅದು ಅಂಟುರೋಗವಲ್ಲ, ಹುಚ್ಚಲ್ಲ, ಪೂರ್ವಜನ್ಮದ ಕರ್ಮವೂ ಅಲ್ಲ. ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಎಂಬ ವಾದವೊಂದು ಕಳೆದ ಶತಮಾನದ ಮಧ್ಯಭಾಗದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಪ್ರಚಲಿತವಿತ್ತು. ಅದು ತಪ್ಪೆಂದು ಬಹುಕಾಲದ ಹಿಂದೆಯೇ ಸಾಬೀತಾಗಿದೆ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ವದಂತಿಯೂ ಸುಳ್ಳು. ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಅವರು 1943ರಲ್ಲಿ 11 ಮಕ್ಕಳ ವಿವರಗಳೊಂದಿಗೆ ಈ ಸ್ಥಿತಿಯನ್ನು ಮೊದಲಿಗೆ ವಿಶದವಾಗಿ ದಾಖಲಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಪ್ರಪಂಚದಲ್ಲಿ ಸುಮಾರು 127 ಜನರಿಗೆ ಒಬ್ಬರಂತೆ ಆಟಿಸಂ ಇರುವವರು ಇದ್ದರು. ಈ ಅಂದಾಜನ್ನು 6,000 ಜನಸಂಖ್ಯೆಯ ಗ್ರಾಮ ಪಂಚಾಯತಿಯೊಂದಕ್ಕೆ ಹಾಗೆಯೇ ಅನ್ವಯಿಸಿದರೆ ಅಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಇರಬೇಕಾಗುತ್ತದೆ. ನಮ್ಮ ವಿಕಲಚೇತನರ ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆ ಎಂಬುದನ್ನು ಸದಸ್ಯರು ಒಮ್ಮೆ ನೋಡಿಕೊಳ್ಳಬಹುದು.

ಈ ಮಕ್ಕಳಲ್ಲಿ ಸಾಮಾನ್ಯವಾಗಿ ಮೂರು ಸಂಗತಿಗಳು ಕಂಡುಬರುತ್ತವೆ. ಒಂದು, ಮಾತು, ಸನ್ನೆ, ಮುಖಭಾವಗಳ ಮೂಲಕ ತನಗೆ ಬೇಕಾದುದನ್ನು ಹೇಳುವುದು, ಇತರರು ಹೇಳಿದ್ದನ್ನು ಗ್ರಹಿಸುವುದು ಕಷ್ಟ. ಎರಡು, ನಿತ್ಯದ ಕ್ರಮ ಬದಲಾದರೆ ತಡೆದುಕೊಳ್ಳಲಾಗದು. ಒಂದೇ ಆಟ, ಒಂದೇ ದಾರಿ, ಒಂದೇ ತಟ್ಟೆ ಬೇಕು. ಮೂರು, ಶಬ್ದ, ಬೆಳಕು, ವಾಸನೆ, ಸ್ಪರ್ಶಗಳು ಅತಿಯಾಗಿ ಇಲ್ಲವೇ ಅತಿ ಕಡಿಮೆಯಾಗಿ ತಾಗುತ್ತವೆ. ನಮಗೆ ಗಮನಕ್ಕೂ ಬಾರದ ಕುಕ್ಕರಿನ ಕೂಗು ಅಂತಹ ಮಗುವಿಗೆ ಕಿವಿಯಲ್ಲಿ ಮೊಳೆ ಹೊಡೆದಂತೆ ಆಗಬಹುದು. ಸಮವಸ್ತ್ರದ ಕುತ್ತಿಗೆಯ ಪಟ್ಟಿ ಇಡೀ ದಿನ ಚುಚ್ಚುತ್ತಿರಬಹುದು. ಎಲ್ಲ ಮಕ್ಕಳಲ್ಲೂ ಇವು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಕೆಲವರು ಚೆನ್ನಾಗಿ ಮಾತನಾಡುತ್ತಾರೆ, ಕೆಲವರು ಮಾತೇ ಆಡುವುದಿಲ್ಲ.

ಹಠ ಬೇರೆ, ಕೋಡಿ ಬೀಳುವುದು ಬೇರೆ

ಎಲ್ಲ ಮಕ್ಕಳೂ ಹಠ ಮಾಡುತ್ತಾರೆ. ಅಂಗಡಿಯ ಮುಂದೆ ಮಿಠಾಯಿಗಾಗಿ ಅಳುವ ಮಗು ನಡುನಡುವೆ ಅಮ್ಮನ ಮುಖ ನೋಡುತ್ತದೆ. ಯಾರೂ ನೋಡದಿದ್ದರೆ ಅಳು ತಗ್ಗುತ್ತದೆ, ಮಿಠಾಯಿ ಕೈಗೆ ಬಂದರೆ ನಿಲ್ಲುತ್ತದೆ. ಆಟಿಸಂ ಇರುವ ಮಗುವೂ ಇಂತಹ ಹಠ ಮಾಡಬಹುದು. ಆದರೆ ಅದರಲ್ಲಿ ಕಾಣುವ ಇನ್ನೊಂದು ಬಗೆಯ ಆರ್ಭಟಕ್ಕೆ ನೋಡುವವರು ಬೇಕಿಲ್ಲ, ಕೇಳಿದ್ದನ್ನು ಕೊಟ್ಟರೂ ಅದು ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಮಗುವಿಗೆ ತನ್ನ ಮೇಲೆ ಹಿಡಿತವೇ ಇರುವುದಿಲ್ಲ.

ಇದನ್ನು ಕೆರೆಯ ಲೆಕ್ಕದಲ್ಲಿ ತಿಳಿಯುವುದು ಸುಲಭ. ಕೆರೆಗೆ ನಾಲ್ಕಾರು ಹಳ್ಳಗಳಿಂದ ನೀರು ಬರುತ್ತದೆ. ಯಾವ ಹಳ್ಳದ ನೀರೂ ಒಂದೇ ಕೆರೆಯನ್ನು ತುಂಬಿಸಲಾರದು. ಎಲ್ಲವೂ ಸೇರಿ ಮಟ್ಟ ಏರಿದಾಗ ಕೋಡಿ ಬೀಳುತ್ತದೆ. ರಾತ್ರಿಯ ನಿದ್ರೆಗೇಡು, ಬೆಳಗಿನ ಹಸಿವು, ಅಂಗನವಾಡಿಯ ಗದ್ದಲ, ಹೇಳಲಾಗದ ಹೊಟ್ಟೆನೋವು ಇವೆಲ್ಲ ಮಗುವಿನೊಳಗೆ ಸೇರುತ್ತ ಬರುತ್ತವೆ. ಕೊನೆಗೆ ಯಾರೋ ಅದರ ಲೋಟವನ್ನು ಪಕ್ಕಕ್ಕೆ ಸರಿಸಿದ್ದೇ ನೆಪವಾಗಿ ಕೋಡಿ ಬೀಳುತ್ತದೆ. ನೋಡಿದವರು ಲೋಟಕ್ಕಾಗಿ ಇಷ್ಟು ರಂಪವೇ ಎನ್ನುತ್ತಾರೆ. ಕೋಡಿಗೆ ಅಡ್ಡ ನಿಂತು ನೀರನ್ನು ತಡೆಯಲು ಆಗುವುದಿಲ್ಲ. ಒಳಹರಿವು ಎಲ್ಲಿಂದ ಎಂದು ನೋಡಬೇಕು, ಮಟ್ಟ ಏರುವ ಮೊದಲೇ ತೂಬು ಎತ್ತಿ ಸ್ವಲ್ಪ ಸ್ವಲ್ಪವೇ ಬಿಡುವ ವ್ಯವಸ್ಥೆ ಮಾಡಬೇಕು. ಮಗುವಿನ ವಿಷಯದಲ್ಲಿ ಮಾಡಬೇಕಾದದ್ದೂ ಇದನ್ನೇ.

ಒಳಹರಿವನ್ನು ಕಂಡುಹಿಡಿಯುವ ಬಗೆ

ಕಾಮಗಾರಿಗೆ ಅಳತೆ ಪುಸ್ತಕ ಇರುವಂತೆ ಇದಕ್ಕೂ ಒಂದು ಪುಸ್ತಕ ಬೇಕು. ಎರಡು ರೂಪಾಯಿಯದೋ ಹತ್ತು ರೂಪಾಯಿಯದೋ, ಯಾವುದಾದರೂ ನಡೆಯುತ್ತದೆ. ಮಗು ಸಿಟ್ಟಿಗೆದ್ದಾಗಲೆಲ್ಲ ಮನೆಯವರು ಅಥವಾ ಅಂಗನವಾಡಿ ಕಾರ್ಯಕರ್ತೆಯರು ಮೂರು ಸಂಗತಿಗಳನ್ನು ಬರೆದಿಡಬೇಕು: ಅದಕ್ಕೆ ಮುಂಚೆ ಏನು ನಡೆಯಿತು, ಮಗು ಏನು ಮಾಡಿತು, ಅನಂತರ ದೊಡ್ಡವರು ಏನು ಮಾಡಿದರು. ಜೊತೆಗೆ ದಿನ, ವೇಳೆ, ಸ್ಥಳ, ಊಟ ಮತ್ತು ನಿದ್ರೆಯ ವಿವರ ಇರಲಿ. ಬರೆಯಲು ಬಾರದ ತಾಯಂದಿರು ಹೇಳಿದ್ದನ್ನು ಆಶಾ ಕಾರ್ಯಕರ್ತೆಯರೋ ಮನೆಯ ಶಾಲಾ ಮಕ್ಕಳೋ ಬರೆದುಕೊಡಬಹುದು. ಎರಡು ವಾರ ಬರೆದರೆ ಕಾರಣವಿಲ್ಲದ ಸಿಟ್ಟಿಗೂ ಕಾರಣ ಇರುವುದು ಕಾಣತೊಡಗುತ್ತದೆ.

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ನಾಲ್ಕು ವರ್ಷದ ಬಾಲಕನೊಬ್ಬ ಅಂಗನವಾಡಿಯಲ್ಲಿ ಆಗಾಗ್ಗೆ ಕಿರುಚಿ ಪಕ್ಕದ ಮಕ್ಕಳನ್ನು ಕಚ್ಚುತ್ತಾನೆ. ಇತರ ಪೋಷಕರು ಅವನನ್ನು ಬಿಡಿಸಬೇಕೆಂದು ದೂರು ನೀಡುತ್ತಾರೆ. ಎರಡು ವಾರದ ಬರಹ ನೋಡಿದಾಗ, ಗಲಾಟೆ ನಡೆದದ್ದೆಲ್ಲವೂ ಬೆಳಿಗ್ಗೆ 11 ಗಂಟೆಯ ಸುಮಾರಿಗೆ, ಅದೂ ಪಕ್ಕದ ಹಿಟ್ಟಿನ ಗಿರಣಿ ಓಡಿದ ದಿನಗಳಂದು ಮಾತ್ರ ಎಂದು ತಿಳಿಯುತ್ತದೆ. ಬೆಳಗಿನ ತಿಂಡಿ ತಿನ್ನದೆ ಬಂದ ದಿನ ಅದು ಇನ್ನೂ ಹೆಚ್ಚು. ಕಿರುಚುವ ಮೊದಲು ಅವನು ಕಿವಿ ಮುಚ್ಚಿಕೊಂಡು ಬಾಗಿಲಿನತ್ತ ಓಡುತ್ತಿದ್ದ. ಓಡಬೇಡ ಎಂದು ಹಿಡಿದು ಕೂರಿಸಿದಾಗ ಕಚ್ಚುತ್ತಿದ್ದ. ಅಂದರೆ ಅವನು ತನಗೆ ಬೇಕಾದ ಪರಿಹಾರವನ್ನು ತಾನೇ ತೋರಿಸುತ್ತಿದ್ದ. ಇಲ್ಲಿ ಆಗಬೇಕಾದದ್ದು ಮೂರು ಸಣ್ಣ ಕೆಲಸಗಳು. ಗಿರಣಿಯ ಗೋಡೆಯಿಂದ ದೂರ ಅವನನ್ನು ಕೂರಿಸುವುದು. ಗಿರಣಿ ಶುರುವಾದೊಡನೆ ಸಹಾಯಕಿಯ ಜೊತೆ ಹೊರಗಿನ ಹೊಂಗೆ ಮರದ ಕೆಳಗೆ ಕಳುಹಿಸುವುದು. ಗಿರಣಿಯ ಮಾಲೀಕರೊಡನೆ ಮಾತನಾಡಿ, ಆದಷ್ಟು ದಿನ ಮಧ್ಯಾಹ್ನದ ಮೇಲೆ ಓಡಿಸುವಂತೆ ಕೋರುವುದು. ಮೂರನೆಯದನ್ನು ತಾಯಿಯಿಂದ ಮಾಡಲಾಗದು. ವಾರ್ಡಿನ ಸದಸ್ಯರಿಂದ ಅದು ಹತ್ತು ನಿಮಿಷದ ಕೆಲಸ.

ಕಾರಣಗಳನ್ನು ಹುಡುಕುವಾಗ ದೇಹದ ನೋವನ್ನು ಮರೆಯಬಾರದು. ಹಲ್ಲುನೋವು, ಕಿವಿಸೋರಿಕೆ, ಮಲಬದ್ಧತೆ, ಜಂತುಹುಳು, ಜ್ವರ ಯಾವುದನ್ನೂ ಮಾತು ಬಾರದ ಮಗು ಹೇಳಲಾರದು. ಇದುವರೆಗೆ ಶಾಂತವಾಗಿದ್ದ ಮಗು ಒಮ್ಮೆಲೇ ತಲೆ ಚಚ್ಚಿಕೊಳ್ಳಲು ತೊಡಗಿದರೆ ಮೊದಲು ವೈದ್ಯರಿಗೆ ತೋರಿಸಬೇಕು. ಮನೆಯ ಕ್ರಮದಲ್ಲಿ ಆದ ಬದಲಾವಣೆಯನ್ನೂ ಗಮನಿಸಬೇಕು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವ ತಂದೆ ತಾಯಂದಿರ ಮನೆಗಳಲ್ಲಿ, ಪಾಳಿ ಬದಲಾದ ವಾರ ಮಗುವಿನ ದಿನಚರಿಯೇ ತಲೆಕೆಳಗಾಗುತ್ತದೆ. ಸಂಜೆ ಆರಕ್ಕೆ ಬರುತ್ತಿದ್ದ ಅಮ್ಮ ರಾತ್ರಿಯಾದರೂ ಬಾರದಿದ್ದರೆ ಅದಕ್ಕೆ ಅರ್ಥವಾಗುವಂತೆ ಹೇಳುವ ಬಗೆ ಬೇರೆಯೇ ಆಗಬೇಕು. ಅದನ್ನು ಮುಂದೆ ವಿವರಿಸಿದೆ.

ಸಿಟ್ಟು ಬಂದ ಹೊತ್ತಿನಲ್ಲಿ

ಕೋಡಿ ಬಿದ್ದ ಮೇಲೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಆ ಹೊತ್ತಿನಲ್ಲಿ ಮಗುವಿನ ಕಿವಿಗೆ ಮಾತು ಕೂಡ ಇನ್ನೊಂದು ಗದ್ದಲವಾಗುತ್ತದೆ. ಮನೆಯವರಿಗೂ ನೋಡುವವರಿಗೂ ಅನ್ವಯಿಸುವ ಕ್ರಮಗಳು ಇವು.

ಸುತ್ತ ನೆರೆದ ಜನರನ್ನು ದೂರ ಕಳುಹಿಸಬೇಕು. ಮಗುವಿಗೆ ಪರಿಚಯವಿರುವ ಒಬ್ಬರು ಮಾತ್ರ ಹತ್ತಿರ ಇರಬೇಕು. ಕಲ್ಲು, ಕತ್ತಿ, ಬಿಸಿ ಪಾತ್ರೆ ಮುಂತಾದವನ್ನು ಬದಿಗೆ ಸರಿಸಬೇಕು. ತಲೆ ಚಚ್ಚಿಕೊಳ್ಳುತ್ತಿದ್ದರೆ ಗೋಡೆಗೂ ತಲೆಗೂ ನಡುವೆ ದಿಂಬನ್ನೋ ಮಡಚಿದ ಕಂಬಳಿಯನ್ನೋ ಇಡಬೇಕು. ಟಿ.ವಿ., ಮಿಕ್ಸಿ, ಧ್ವನಿವರ್ಧಕ ಏನಿದ್ದರೂ ನಿಲ್ಲಿಸಬೇಕು. ತಗ್ಗಿದ ದನಿಯಲ್ಲಿ ಎರಡು ಮೂರು ಪದಗಳ ಮಾತು ಸಾಕು: ಅಮ್ಮ ಇಲ್ಲೇ ಇದ್ದೀನಿ. ರಸ್ತೆಗೋ ನೀರಿಗೋ ಓಡುವ ಅಪಾಯ ಇಲ್ಲದಿದ್ದರೆ ಹಿಡಿದು ಅದುಮಬಾರದು. ಕೆಲವು ಮಕ್ಕಳಿಗೆ ಬಿಗಿಯಾದ ಅಪ್ಪುಗೆ ಹಿತ, ಕೆಲವರಿಗೆ ಮುಟ್ಟಿದರೇ ಹಿಂಸೆ. ತಾಯಿಗೆ ಅದು ಗೊತ್ತಿರುತ್ತದೆ. ಕೈ ಬಡಿಯುವುದು, ಮೈ ತೂಗುವುದು, ಗುನುಗುವುದು ಮಗು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ಬಗೆಗಳು, ಅವನ್ನು ತಡೆಯಬಾರದು. ಮೊಬೈಲಿನಲ್ಲಿ ಚಿತ್ರೀಕರಿಸುವುದನ್ನು ಯಾರೂ ಮಾಡಕೂಡದು, ಮಾಡುವವರನ್ನು ಸದಸ್ಯರು ತಡೆಯಬೇಕು.

ಅಬ್ಬರ ಇಳಿದ ಮೇಲೆ ಮಗು ದಣಿದಿರುತ್ತದೆ. ನೀರು ಕೊಟ್ಟು, ಸುಮ್ಮನೆ ಇರಲು ಬಿಡಬೇಕು. ಯಾಕೆ ಹೀಗೆ ಮಾಡಿದೆ ಎಂಬ ವಿಚಾರಣೆ ಆಗ ಬೇಡ.

ಶಾಂತವಾಗಿರುವಾಗ ಕಲಿಸಬೇಕಾದದ್ದು

ತೂಬನ್ನು ಕಟ್ಟುವುದು ಕೆರೆ ತುಂಬಿದಾಗಲ್ಲ, ನೀರು ಕಡಿಮೆ ಇರುವಾಗ. ಹಾಗೆಯೇ ಸಿಟ್ಟನ್ನು ನಿಭಾಯಿಸುವ ಪಾಠ ಮಗು ನಗುತ್ತಿರುವ ಹೊತ್ತಿನಲ್ಲಿ ನಡೆಯಬೇಕು.

ಮೊದಲನೆಯದು, ಹೇಳುವ ದಾರಿ. ಮಾತು ಬಾರದ ಮಗುವಿಗೆ ಚಿತ್ರಗಳ ಚೀಟಿಗಳನ್ನು ಮಾಡಿಕೊಡಬಹುದು. ನೀರು, ಊಟ, ಶೌಚ, ನೋವು, ಸಾಕು, ಹೊರಗೆ ಎಂಬ ಆರು ಚಿತ್ರಗಳಿಂದ ಆರಂಭಿಸಿದರೆ ಸಾಕು. ರಟ್ಟಿನ ಮೇಲೆ ಅಂಟಿಸಿ ದಾರ ಕಟ್ಟಿ ಕೈಗೆಟಕುವಂತೆ ನೇತುಹಾಕಬೇಕು. ಮಗು ಚೀಟಿ ಮುಟ್ಟಿದ ಕೂಡಲೇ ಅದನ್ನು ಒದಗಿಸಬೇಕು. ಸಾಕು ಎಂಬ ಚೀಟಿ ತೋರಿಸಿದರೆ ಕೆಲಸ ನಿಲ್ಲುತ್ತದೆ ಎಂದು ಅನುಭವದಿಂದ ತಿಳಿದ ಮಗುವಿಗೆ ಕಚ್ಚುವ ಅಗತ್ಯ ಕಡಿಮೆಯಾಗುತ್ತ ಬರುತ್ತದೆ. ಚಿತ್ರ ಬಳಸಿದರೆ ಮಾತು ಬರುವುದಿಲ್ಲ ಎಂಬ ಅಂಜಿಕೆ ಹಲವರಲ್ಲಿದೆ. ಅದಕ್ಕೆ ಆಧಾರವಿಲ್ಲ, ಚಿತ್ರಗಳು ಮಾತಿಗೆ ಅಡ್ಡಿಯಾಗುವುದಿಲ್ಲ.

ಎರಡನೆಯದು, ಮುಂದೇನು ಎಂಬುದರ ತಿಳಿವು. ಬೆಳಿಗ್ಗೆಯಿಂದ ರಾತ್ರಿಯವರೆಗಿನ ಕೆಲಸಗಳನ್ನು ಚಿತ್ರಗಳ ಸಾಲಾಗಿ ಗೋಡೆಗೆ ಅಂಟಿಸಬಹುದು: ಹಲ್ಲುಜ್ಜುವುದು, ಸ್ನಾನ, ತಿಂಡಿ, ಅಂಗನವಾಡಿ, ಊಟ, ನಿದ್ರೆ. ಅಮ್ಮನ ಪಾಳಿ ಬದಲಾದ ವಾರ, ಅಮ್ಮನ ಚಿತ್ರವನ್ನು ಸಂಜೆಯ ಜಾಗದಿಂದ ತೆಗೆದು ರಾತ್ರಿಯ ಚಂದ್ರನ ಪಕ್ಕದಲ್ಲಿ ಹಚ್ಚಿ ಹಿಂದಿನ ದಿನವೇ ತೋರಿಸಬೇಕು. ಮೊದಲು ಇದು, ಆಮೇಲೆ ಅದು ಎಂಬ ಎರಡು ಚಿತ್ರಗಳ ಹಲಗೆಯೂ ಉಪಯುಕ್ತ: ಮೊದಲು ಸ್ನಾನ, ಆಮೇಲೆ ಉಯ್ಯಾಲೆ. ಆಟ ನಿಲ್ಲಿಸುವ ಮೊದಲು ಐದು ಎಣಿಸುವೆ ಎಂದು ಹೇಳಿ ಬೆರಳು ಮಡಚುತ್ತ ಎಣಿಸುವುದು ಒಳ್ಳೆಯ ಅಭ್ಯಾಸ.

ಮೂರನೆಯದು, ಸಿಟ್ಟು ಏರುತ್ತಿರುವುದರ ಗುರುತು. ಹಸಿರು, ಹಳದಿ, ಕೆಂಪು ಎಂಬ ಮೂರು ಬಣ್ಣದ ಮುಖಗಳನ್ನು ಬರೆದು, ಸಮಾಧಾನವಾಗಿರುವಾಗ ಹಸಿರನ್ನು, ಸ್ವಲ್ಪ ಕಿರಿಕಿರಿಯಾದಾಗ ಹಳದಿಯನ್ನು ತೋರಿಸಿ ಹೆಸರಿಡಬೇಕು. ಮಗು ತಾನಾಗಿ ಹೇಳಲು ತಿಂಗಳುಗಳೇ ಬೇಕಾಗಬಹುದು. ಅಲ್ಲಿಯವರೆಗೆ ಹಳದಿಯನ್ನು ಗುರುತಿಸುವುದು ದೊಡ್ಡವರ ಹೊಣೆ. ಕಿವಿ ಮುಚ್ಚುವುದು, ಅತ್ತಿತ್ತ ನಡೆಯುವುದು, ಗುನುಗು ಜೋರಾಗುವುದು, ಕೈಯನ್ನು ಬಾಯಿಗೆ ಒಯ್ಯುವುದು ಸಾಮಾನ್ಯ ಗುರುತುಗಳು. ಆ ಹಂತದಲ್ಲಿ ಮಗುವನ್ನು ಅದರ ಸಮಾಧಾನದ ಮೂಲೆಗೆ ಕರೆದೊಯ್ಯಬೇಕು. ಒಂದು ಚಾಪೆ, ಅದಕ್ಕೆ ಇಷ್ಟವಾದ ಬಟ್ಟೆ, ಒಂದು ಡಬ್ಬಿ ರಾಗಿಯೋ ಹೆಸರುಕಾಳೋ ಇದ್ದರೆ ಸಾಕು. ಕಾಳಿನಲ್ಲಿ ಕೈಯಾಡಿಸುವುದರಿಂದ ಹಲವು ಮಕ್ಕಳು ಹಗುರಾಗುತ್ತಾರೆ. ಬಾಯಿಗೆ ಹಾಕಿಕೊಳ್ಳದಂತೆ ಒಬ್ಬರು ಪಕ್ಕದಲ್ಲಿರಬೇಕು. ಈ ಮೂಲೆ ಎಂದಿಗೂ ಶಿಕ್ಷೆಯ ಜಾಗವಾಗಬಾರದು.

ನಾಲ್ಕನೆಯದು, ಮನೆಯವರೆಲ್ಲರ ಒಂದೇ ನಡೆ. ಹೊಡೆದಾಗ ಕೇಳಿದ್ದು ಸಿಗುತ್ತದೆ ಎಂದು ಮಗು ಕಲಿತರೆ ಹೊಡೆತವೇ ಅದರ ಮಾತಾಗುತ್ತದೆ. ಅಮ್ಮ ಚೀಟಿ ತೋರಿಸಲು ಹೇಳಿ, ಅಜ್ಜಿ ಅಳು ಕೇಳಲಾಗದೆ ತಕ್ಷಣ ಬಿಸ್ಕತ್ತು ಕೊಟ್ಟು, ಅಪ್ಪ ಗದರಿಸಿದರೆ ಮಗುವಿಗೆ ಯಾವುದೂ ತಿಳಿಯುವುದಿಲ್ಲ. ಮೊಬೈಲ್ ಕೊಟ್ಟು ಸುಮ್ಮನಾಗಿಸುವುದು ಕ್ಷಣಕ್ಕೆ ಸುಲಭ. ಅದನ್ನು ಹಿಂದಕ್ಕೆ ಪಡೆಯುವುದೇ ಮರುದಿನದ ಸಿಟ್ಟಿಗೆ ಕಾರಣವಾಗುತ್ತದೆ. ಮಗು ಚೀಟಿ ತೋರಿಸಿದಾಗ, ಒಂದು ಕ್ಷಣ ಕಾದಾಗ, ತಾನಾಗಿ ಮೂಲೆಗೆ ಹೋದಾಗ ಕೂಡಲೇ ಮೆಚ್ಚಬೇಕು.

ಮಾಡಕೂಡದ್ದು

ಹೊಡೆಯುವುದು, ಬರೆ ಹಾಕುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಕಂಬಕ್ಕೆ ಕಟ್ಟುವುದು, ಕತ್ತಲೆಯ ಕೋಣೆಯಲ್ಲಿ ಕೂಡಿಹಾಕುವುದು ಇವುಗಳಿಂದ ಆಟಿಸಂ ಹೋಗುವುದಿಲ್ಲ. ಮಗುವಿನ ಭಯ ಹೆಚ್ಚಿ ಕೋಡಿ ಇನ್ನೂ ಬೇಗ ಬೀಳುತ್ತದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ಕಾಯಿಸಿದ ವಸ್ತುವಿನಿಂದ ಮೈ ಸುಡುವುದು, ಅಮಾನವೀಯ ದುಷ್ಟ ಪದ್ಧತಿಗಳ ನಿರ್ಮೂಲನೆಗಾಗಿ ನಮ್ಮ ರಾಜ್ಯವು 2017ರಲ್ಲಿ ರೂಪಿಸಿದ ಅಧಿನಿಯಮದಂತೆ ಅಪರಾಧ. ಮನೆಯವರು ದೇವರಿಗೆ ಹರಕೆ ಹೊರುವುದಕ್ಕೆ ಯಾರ ಆಕ್ಷೇಪವೂ ಇರಬೇಕಿಲ್ಲ; ಮಗುವಿನ ಮೈಗೆ ನೋವಾಗುವ ಯಾವ ಆಚರಣೆಗೂ ಸದಸ್ಯರು ಸಮ್ಮತಿ ನೀಡಬಾರದು. ಆಟಿಸಂ ಅನ್ನು ಪೂರ್ಣವಾಗಿ ಗುಣಪಡಿಸುವ ಮಾತ್ರೆ, ಚುಚ್ಚುಮದ್ದು, ಬೇರು ಯಾವುದೂ ಇಲ್ಲ. ಹಾಗೆಂದು ಹೇಳಿ ಹಣ ಕೇಳುವವರಿಂದ ಕುಟುಂಬವನ್ನು ಕಾಪಾಡಬೇಕು. ನಿದ್ರೆಗೇಡು, ಮೂರ್ಛೆ ಮುಂತಾದ ತೊಂದರೆಗಳಿಗೆ ವೈದ್ಯರು ಔಷಧ ಕೊಡಬಹುದು. ಅವರ ಸಲಹೆಯಿಲ್ಲದೆ ನಿದ್ರೆಯ ಔಷಧ ಕುಡಿಸುವುದು ಅಪಾಯಕರ.

ಜಾತ್ರೆ ಮತ್ತು ನೀರು: ನಮ್ಮ ಎರಡು ತಾಲ್ಲೂಕುಗಳ ವಿಶೇಷ ಎಚ್ಚರಿಕೆ

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಎಳೆಯಲ್ಪಡುತ್ತವೆ. ತಿರುಮಕೂಡಲು ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳ 2025ರ ಫೆಬ್ರವರಿಯಲ್ಲೂ ನಡೆಯಿತು. ಸುತ್ತೂರು, ಮುಡುಕುತೊರೆ ಜಾತ್ರೆಗಳೂ ಊರೂರಿನ ಹಬ್ಬಗಳೂ ಸೇರಿದರೆ ನಮ್ಮಲ್ಲಿ ಜನಸಂದಣಿಯ ದಿನಗಳಿಗೆ ಕೊರತೆಯಿಲ್ಲ. ಆಟಿಸಂ ಇರುವ ಮಗು ಇವುಗಳಿಂದ ಹೊರಗುಳಿಯಬೇಕಿಲ್ಲ. ಹಿಂದಿನ ದಿನವೇ ಖಾಲಿ ಬೀದಿಯಲ್ಲಿ ನಿಂತ ತೇರನ್ನು ತೋರಿಸಬಹುದು. ಬೆಳಗಿನ ಜಾವ ದರ್ಶನ ಮುಗಿಸಿ, ತಮಟೆ ಪಟಾಕಿಗಳು ಶುರುವಾಗುವ ಮೊದಲು ಮರಳಬಹುದು. ಕಿವಿಗೆ ಹತ್ತಿ ಇಲ್ಲವೇ ದಪ್ಪ ಟೋಪಿ, ಜೇಬಿನಲ್ಲಿ ಪೋಷಕರ ದೂರವಾಣಿ ಸಂಖ್ಯೆಯ ಚೀಟಿ ಇರಲಿ. ಧ್ವನಿವರ್ಧಕಗಳಿಗೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ಪೂರ್ವಾನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯ ಮಿತಿ 45 ಡೆಸಿಬಲ್. ಈ ನಿಯಮವನ್ನು ಪಾಲಿಸುವಂತೆ ನೋಡಿಕೊಂಡರೆ ಇಂತಹ ಮಗುವಿರುವ ಮನೆಗೆ ರಾತ್ರಿಯ ನಿದ್ರೆ ಸಿಗುತ್ತದೆ.

ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಈ ಮಕ್ಕಳಲ್ಲಿ ಹಲವರು ಗದ್ದಲದಿಂದ ತಪ್ಪಿಸಿಕೊಳ್ಳಲು ಇದ್ದಕ್ಕಿದ್ದಂತೆ ಓಡಿಹೋಗುತ್ತಾರೆ, ಮತ್ತು ನೀರೆಂದರೆ ಅವರಿಗೆ ವಿಶೇಷ ಸೆಳೆತ. ಮುಳುಗಿ ಸಾಯುವ ಅಪಾಯ ಆಟಿಸಂ ಇರುವ ಮಕ್ಕಳಲ್ಲಿ ಹೆಚ್ಚೆಂದು ವಿದೇಶಗಳ ಅಧ್ಯಯನಗಳು ತೋರಿಸಿವೆ. ಕಪಿಲೆ ಮತ್ತು ಕಾವೇರಿಯ ಸ್ನಾನಘಟ್ಟಗಳು, ಕಬಿನಿ ನಾಲೆಗಳು, ಕೆರೆಗಳು, ಕೃಷಿಹೊಂಡಗಳು, ತೆರೆದ ಬಾವಿಗಳು ನಮ್ಮ ಊರುಗಳ ಮಗ್ಗುಲಲ್ಲೇ ಇವೆ. ಮಗು ಕಾಣೆಯಾಯಿತೆಂಬ ಸುದ್ದಿ ಬಂದೊಡನೆ ಮೊದಲು ನೀರಿರುವ ಕಡೆಗೆ ಜನರನ್ನು ಕಳುಹಿಸಬೇಕು. ಬಸ್ ನಿಲ್ದಾಣವನ್ನು ಅನಂತರ ನೋಡಬಹುದು. ಹೆಸರು ಕೂಗಿದರೆ ಮಗು ಓಗೊಡದಿರಬಹುದು ಎಂಬುದನ್ನು ಹುಡುಕುವವರಿಗೆ ಹೇಳಬೇಕು. ಇಂತಹ ಮಗುವಿರುವ ಮನೆಯ ಸಮೀಪದ ಬಾವಿಗೆ ಜಾಲರಿ, ಹೊಂಡಕ್ಕೆ ಬೇಲಿ, ನಾಲೆಯ ಮೆಟ್ಟಿಲಿಗೆ ತಡೆ ಅಳವಡಿಸುವುದನ್ನು ವಾರ್ಷಿಕ ಕ್ರಿಯಾಯೋಜನೆಯಲ್ಲಿ ಆದ್ಯತೆಯ ಮೇಲೆ ಸೇರಿಸಬೇಕು.

ಎಲ್ಲಿಗೆ ಕರೆದೊಯ್ಯಬೇಕು?

ಒಂದು ವರ್ಷವಾದರೂ ಹೆಸರಿಗೆ ಓಗೊಡದಿರುವುದು, ಒಂದೂವರೆ ವರ್ಷಕ್ಕೂ ಬೆರಳು ತೋರಿಸದಿರುವುದು, ಎರಡು ವರ್ಷಕ್ಕೂ ಎರಡು ಪದ ಜೋಡಿಸದಿರುವುದು, ಬಂದ ಮಾತು ನಿಂತುಹೋಗುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ತಜ್ಞರಿಗೆ ತೋರಿಸಬೇಕು. ದೊಡ್ಡವನಾದರೆ ಸರಿಹೋಗುತ್ತಾನೆ ಎಂದು ಕಾಯುವುದರಿಂದ ಅಮೂಲ್ಯವಾದ ವರ್ಷಗಳು ಕಳೆದುಹೋಗುತ್ತವೆ.

ಈ ವಿಷಯದಲ್ಲಿ ನಮ್ಮ ಜಿಲ್ಲೆ ಅದೃಷ್ಟವಂತ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಮಾತು, ಶ್ರವಣ, ಮನೋವಿಜ್ಞಾನ, ವಿಶೇಷ ಶಿಕ್ಷಣ ಎಲ್ಲ ಪರೀಕ್ಷೆಗಳೂ ತರಬೇತಿಯೂ ಅಲ್ಲಿ ಒಂದೇ ಆವರಣದಲ್ಲಿ ದೊರೆಯುತ್ತವೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲಿ ಅದೇ ಸಂಸ್ಥೆ ಗ್ರಾಮೀಣ ಜನರಿಗಾಗಿ ಹೊರಸೇವಾ ಕೇಂದ್ರವನ್ನು ತೆರೆದಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಿಗೆ ಭೇಟಿ ನೀಡಬೇಕು. ಆ ದಿನ ಮನೆಯಲ್ಲೇ ಉಳಿದ ಮಗುವನ್ನೂ ಕರೆತರುವಂತೆ ಸದಸ್ಯರು ನೋಡಿಕೊಂಡರೆ ಅರ್ಧ ಕೆಲಸವಾದಂತೆ. ಮಗುವಿನ ಆರೈಕೆಯಲ್ಲಿ ಬಳಲಿ ಮನಸ್ಸು ಕುಗ್ಗಿದ ತಾಯಿ ತಂದೆಯರು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿರುವ 21 ಬಗೆಯ ವಿಕಲತೆಗಳಲ್ಲಿ ಆಟಿಸಂ ಕೂಡ ಸೇರಿದೆ. ಆದ್ದರಿಂದ ಈ ಮಕ್ಕಳು ಯುಡಿಐಡಿ ಗುರುತಿನ ಚೀಟಿಗೆ ಅರ್ಹರು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆ ದೃಢಪಟ್ಟವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸಿಟ್ಟು ಹೆಚ್ಚೆಂಬ ಕಾರಣಕ್ಕೆ ಸರ್ಕಾರಿ ಅಥವಾ ಮಾನ್ಯತೆ ಪಡೆದ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದ ಅಡಿಯಲ್ಲಿರುವ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವೆಚ್ಚಕ್ಕೆ ಅವಕಾಶವಿದೆ. ಅಂಗನವಾಡಿಗಳಲ್ಲಿ ಇಂತಹ ಮಕ್ಕಳನ್ನು ಗುರುತಿಸಿ ಸೇರಿಸಿಕೊಳ್ಳುವ ಕ್ರಮವನ್ನು ಕೇಂದ್ರ ಸರ್ಕಾರವು 2023ರ ನವೆಂಬರ್‌ನಲ್ಲಿ ಪ್ರಕಟಿಸಿದೆ. ಶಾಲೆಗೆ ಸೇರಿದ ಮೇಲೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಶಿಕ್ಷಕರ ನೆರವು ಪಡೆಯಬಹುದು.

ಗ್ರಾಮ ಪಂಚಾಯತಿಯು ಕೈಗೊಳ್ಳಬಹುದಾದ ಕ್ರಮಗಳು

1. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಜಂಟಿ ಸಭೆ ಕರೆದು, ಮಾತು ತಡವಾದ ಹಾಗೂ ಅಂಗನವಾಡಿ ಬಿಟ್ಟ ಮಕ್ಕಳ ಪಟ್ಟಿಯನ್ನು ವಾರ್ಡುವಾರು ಸಿದ್ಧಪಡಿಸುವುದು. ಹೆಸರುಗಳನ್ನು ಸಭೆಯಲ್ಲಿ ಓದದೆ ಗೌಪ್ಯವಾಗಿಡುವುದು.

2. ಪಟ್ಟಿಯಲ್ಲಿರುವ ಮಕ್ಕಳನ್ನು ಹುಲ್ಲಹಳ್ಳಿ ಕೇಂದ್ರಕ್ಕೆ ಅಥವಾ ಮೈಸೂರಿನ ಸಂಸ್ಥೆಗೆ ಕರೆದೊಯ್ಯಲು ದಿನ ನಿಗದಿಪಡಿಸುವುದು. ಒಂದು ದಿನದ ಕೂಲಿ ಮತ್ತು ಬಸ್ಸಿನ ಗದ್ದಲ ಇವೆರಡೇ ಹಲವು ಕುಟುಂಬಗಳನ್ನು ತಡೆದಿರುತ್ತವೆ ಎಂಬುದನ್ನು ನೆನಪಿಡುವುದು.

3. ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗೆ ಮೀಸಲಾದ ಶೇಕಡಾ 5ರ ಮೊತ್ತವನ್ನು ಯೋಜಿಸುವಾಗ, ಮಾರ್ಗಸೂಚಿಗಳಿಗೆ ಒಳಪಟ್ಟು ಈ ಮಕ್ಕಳ ಅಗತ್ಯಗಳನ್ನೂ ಪರಿಗಣಿಸುವುದು.

4. ಅಂಗನವಾಡಿ, ಕೂಸಿನ ಮನೆ ಮತ್ತು ಗ್ರಂಥಾಲಯಗಳಲ್ಲಿ ಒಂದು ಸಮಾಧಾನದ ಮೂಲೆಯನ್ನು ಗುರುತಿಸುವುದು. ಇದಕ್ಕೆ ಚಾಪೆ, ಪರದೆ, ಚಿತ್ರದ ಚೀಟಿಗಳ ಹೊರತು ಹೆಚ್ಚಿನ ವೆಚ್ಚವಿಲ್ಲ.

5. ಜಾತ್ರೆ ಮತ್ತು ಹಬ್ಬಗಳ ಪೂರ್ವಭಾವಿ ಸಭೆಯಲ್ಲಿ ಧ್ವನಿವರ್ಧಕದ ನಿಯಮ, ಕಾಣೆಯಾದ ಮಕ್ಕಳ ಹುಡುಕಾಟ ಹಾಗೂ ನೀರಿನ ಬಳಿಯ ಕಾವಲಿನ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸುವುದು.

6. ಮಗುವನ್ನು ಅಂಗನವಾಡಿಯಿಂದ ಬಿಡಿಸಬೇಕೆಂಬ ದೂರು ಬಂದಲ್ಲಿ, ತೀರ್ಮಾನಕ್ಕೆ ಮೊದಲು ಎರಡು ವಾರದ ಬರಹವನ್ನು ತರಿಸಿ ನೋಡುವುದು.

ಆರನೆಯ ಕ್ರಮಕ್ಕೆ ಸದಸ್ಯರು ವಿಶೇಷ ಗಮನ ನೀಡಬೇಕೆಂದು ವಿನಂತಿ. ಇತರ ಪೋಷಕರ ಆತಂಕವೂ ನ್ಯಾಯವಾದದ್ದೇ. ಕಚ್ಚಿಸಿಕೊಂಡ ಮಗುವಿನ ತಾಯಿಗೆ ಉತ್ತರ ಬೇಕು. ಆ ಉತ್ತರ ಗಿರಣಿಯ ಗೋಡೆಯಲ್ಲೋ, ಖಾಲಿ ಹೊಟ್ಟೆಯಲ್ಲೋ, ನೋಯುವ ಕಿವಿಯಲ್ಲೋ ಇರುತ್ತದೆ. ಅದನ್ನು ಹುಡುಕಿ ಸರಿಪಡಿಸಿದರೆ ಎರಡೂ ಮಕ್ಕಳು ಒಂದೇ ಚಾಪೆಯ ಮೇಲೆ ಕುಳಿತು ಊಟ ಮಾಡಬಹುದು. ಹುಡುಕದೆ ಒಂದು ಮಗುವನ್ನು ಹೊರಗೆ ಕಳುಹಿಸಿದರೆ, ಮೂರನೆಯ ವರ್ಷದಲ್ಲಿ ಮುಚ್ಚಿದ ಬಾಗಿಲು ಅದಕ್ಕೆ ಮತ್ತೆ ತೆರೆಯುವುದು ಕಷ್ಟ.

ಮುಂದಿನ ಸಾಮಾನ್ಯ ಸಭೆಯಲ್ಲಿ ಮೇಲಿನ ಕ್ರಮಗಳನ್ನು ಮಂಡಿಸಿ, ಕೈಗೊಂಡ ನಿರ್ಣಯವನ್ನು ನಡಾವಳಿಯಲ್ಲಿ ದಾಖಲಿಸಲು ಕೋರಿದೆ.